ಒಂಬೈನೂರು ಗ್ರಾಂ

ಮಾರ್ಚ್ ೫, ಬುಧವಾರ

ರಜೆಯಲ್ಲಿರುವ ಅಧಿಕಾರಿ ದಿನಚರಿ ಬರೆಯಬೇಕಾಗಿಲ್ಲ. ಆದರೂ ಇಲಾಖೆಯ ದಿನಚರಿ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡೇ ಆಸ್ಪತ್ರೆಗೆ ಬಂದೆ. ಹತ್ತೊಂಬತ್ತು ವರ್ಷ ದಿನಕ್ಕೊಂದು ಪುಟ ತುಂಬಿಸಿದ ಕೈ ಇದು. ಯಾವ ಅಂಗಡಿ, ಯಾವ ತಕ್ಕಡಿ, ಎಷ್ಟು ವ್ಯತ್ಯಾಸ, ಸೀಲು ಹಾಕಿದೆನೋ ಬಿಟ್ಟೆನೋ. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರನಿಗೆ ಬರೆಯಲು ಬೇರೇನೂ ಇರುವುದಿಲ್ಲ. ಇವತ್ತಿನ ಪುಟದಲ್ಲಿ ಅಂಗಡಿ ಇಲ್ಲ. ಆರನೇ ಮಹಡಿ, ಕಿಡ್ನಿ ವಾರ್ಡು, ಕಿಟಕಿಯ ಪಕ್ಕದ ಹಾಸಿಗೆ.

ನಾಳೆ ಅಮ್ಮನ ಎಡ ಕಿಡ್ನಿಯನ್ನು ತೆಗೆದು ನನ್ನ ಹೆಂಡತಿಗೆ ಹಾಕುತ್ತಾರೆ.

ನನ್ನ ರಕ್ತ ಹೊಂದಲಿಲ್ಲ. ಅವಳ ಅಣ್ಣನಿಗೆ ಸಕ್ಕರೆ ಕಾಯಿಲೆ. ಇದನ್ನೆಲ್ಲ ಮಾತಾಡುತ್ತ ಕೂತಿದ್ದಾಗ ಮೂಲೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಅಮ್ಮ, ಮಿಷನ್ನಿನ ಪೆಡಲಿನಿಂದ ಕಾಲು ತೆಗೆಯದೆ, "ನಂದು ನೋಡಿ. ಎರಡಿದೆ," ಅಂದಳು. ಅರವತ್ತಮೂರು ವರ್ಷದ ಅತ್ತೆ ಸೊಸೆಗೆ ಕಿಡ್ನಿ ಕೊಡುತ್ತಾಳೆಂದರೆ ಯಾರಾದರೂ ಅನುಮಾನ ಪಡಬೇಕಾದದ್ದೇ. ಯಾರ ಒತ್ತಾಯವೂ ಇಲ್ಲವೇ ಎಂದು ತಿಳಿಯಲು ಡಾಕ್ಟರುಗಳ ಸಮಿತಿ ಅವಳೊಬ್ಬಳನ್ನೇ ಕೂರಿಸಿಕೊಂಡು ಒಂದು ಗಂಟೆ ಪ್ರಶ್ನೆ ಕೇಳಿತು. ಹೊರಗೆ ಬಂದವಳು, "ನನ್ನ ಮಾತನ್ನ ಯಾರೂ ಇಷ್ಟು ಹೊತ್ತು ಕೇಳಿರ್ಲಿಲ್ಲ ಕಣೋ," ಅಂದಳು.

ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. ಹನ್ನೊಂದು ವರ್ಷ ಸಿಟಿ ಬಸ್ಸು ಓಡಿಸಿದವಳು, ಡಯಾಲಿಸಿಸ್ ಶುರುವಾದ ಮೇಲೆ ಹದಿನಾಲ್ಕು ತಿಂಗಳಿಂದ ಸ್ಟಿಯರಿಂಗ್ ಮುಟ್ಟಿಲ್ಲ.

"ಮತ್ತೆ ಬಸ್ ಓಡಿಸಬಹುದಾ ಡಾಕ್ಟ್ರೇ?"

"ಕಿಡ್ನಿ ಹಿಡ್ಕೊಂಡ್ರೆ, ಆರು ತಿಂಗಳಾದ ಮೇಲೆ ನೋಡೋಣ."

"ನೋಡೋಣ ಅಂದ್ರೆ ಆಗಲ್ಲ. ನಾವು ಪ್ಯಾಸೆಂಜರಿಗೆ ಹಾಗೆ ಹೇಳಿದ್ರೆ ಸುಮ್ನೆ ಬಿಡ್ತಾರಾ?"

ಮಾರ್ಚ್ ೬, ಗುರುವಾರ

ಏಳಕ್ಕೆ ಅಮ್ಮನನ್ನು ಒಳಗೆ ಕರೆದೊಯ್ದರು. ಎಂಟೂಕಾಲಿಗೆ ಇವಳನ್ನು. ಹನ್ನೊಂದೂ ನಲವತ್ತಕ್ಕೆ ಅಮ್ಮ ಹೊರಗೆ. ಎರಡೂಕಾಲಿಗೆ ಸರ್ಜನ್ನರು ಬಂದು ಮಾಸ್ಕು ಕೆಳಗಿಳಿಸಿ, "ರಕ್ತ ಬಿಟ್ಟ ತಕ್ಷಣ ಕೆಲಸ ಶುರು ಮಾಡಿಬಿಡ್ತು. ಮೇಜಿನ ಮೇಲೇ ಮೂತ್ರ ಬಂತು," ಅಂದರು.

ಕಾಯುವ ಕೋಣೆಯಲ್ಲಿ ಪರಿಚಯವಿಲ್ಲದ ಒಬ್ಬರಿಗೆ ಈ ಮಾತನ್ನು ಹಾಗೆಯೇ ಒಪ್ಪಿಸಿದೆ. ಅವರು ಎದ್ದು ನಿಂತು ಕೈ ಕುಲುಕಿದರು. ಮೂತ್ರದ ವಿಷಯಕ್ಕೆ ಯಾರೂ ನನ್ನ ಕೈ ಕುಲುಕಿದ್ದಿಲ್ಲ.

ಮಾರ್ಚ್ ೧೦, ಸೋಮವಾರ

ಅಮ್ಮನನ್ನು ಬಿಟ್ಟರು. ಭಾರ ಎತ್ತುವ ಹಾಗಾಗುವವರೆಗೆ ನನ್ನ ತಂಗಿಯ ಮನೆಯಲ್ಲಿರುತ್ತಾಳೆ. ಹೋಗುವ ಮುನ್ನ ಗೋಡೆ ಹಿಡಿದುಕೊಂಡು ನಿಧಾನವಾಗಿ ಇವಳ ಕೋಣೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಹೋಗುವಂತಿಲ್ಲ. ಇಬ್ಬರಿಗೂ ಮಾಸ್ಕು.

"ಏನೇ, ಹೇಗಿದೆ ನಂದು?"

"ಥೇಟ್ ನಿಮ್ಮ ಹಾಗೇ ಇದೆ ಅತ್ತೆ. ಗಂಟೆಗೊಂದ್ಸಲ ಎಬ್ಬಿಸಿ ಕೂರಿಸುತ್ತೆ."

"ಎಬ್ಬಿಸ್ಲಿ. ಹದಿನೆಂಟು ವರ್ಷದಿಂದ ಹೊರಗಿಂದ ಎಬ್ಬಿಸ್ದೆ, ಎದ್ಯಾ? ಈಗ ಒಳಗಿಂದ ಎಬ್ಬಿಸ್ತೀನಿ."

ನಗುವಾಗ ಇಬ್ಬರೂ ತಮ್ಮ ತಮ್ಮ ಹೊಲಿಗೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡರು. ಸರ್ಜನ್ನರ ಹೊಲಿಗೆಯ ಬಗ್ಗೆ ಅಮ್ಮನ ಅಭಿಪ್ರಾಯ: ಪರವಾಗಿಲ್ಲ, ಕೊನೆಯ ಗಂಟು ಮಾತ್ರ ಅವಸರದಲ್ಲಿ ಹಾಕಿದ್ದಾರೆ.

ಮಾರ್ಚ್ ೧೨, ಬುಧವಾರ

ನನಗೆ ಕೆಲಸ ಸಿಕ್ಕಿದೆ. ಮನೆಗೆ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೋ ಅವರು ಈಗಿನಿಂದಲೇ ಕಲಿಯಬೇಕೆಂದು ವಾರ್ಡಿನ ಹಿರಿಯ ನರ್ಸು ಒಂದು ಪಟ್ಟಿ ಕೊಟ್ಟರು. ಕುಡಿದ ನೀರು, ಹೋದ ಮೂತ್ರ, ಜ್ವರ, ರಕ್ತದೊತ್ತಡ, ತೂಕ. ಬೆಳಿಗ್ಗೆ ಎಂಟಕ್ಕೂ ಸಂಜೆ ಎಂಟಕ್ಕೂ ಮಾತ್ರೆ. ಒಳಗೆ ಬಂದದ್ದು ತನ್ನದಲ್ಲವೆಂದು ಮೈ ಹೊಡೆದೋಡಿಸದಂತೆ ತಡೆಯುವ ಮಾತ್ರೆಗಳು ಅವು. ಒಂದು ಹೊತ್ತೂ ತಪ್ಪುವಂತಿಲ್ಲ.

ಬೇರೆ ರೋಗಿಗಳ ಗಂಡಂದಿರು ಪಟ್ಟಿ ನೋಡಿ ಬೆವರುತ್ತಾರೆ. ನಾನು ರಟ್ಟಿನ ಹೊದಿಕೆಯ ಪುಸ್ತಕ ತಂದು, ಅಡ್ಡಗೆರೆ ಉದ್ದಗೆರೆ ಎಳೆದು, ಪ್ರತಿ ಅಂಕಣಕ್ಕೂ ಬೇರೆ ಬಣ್ಣ ಕೊಟ್ಟೆ. ಮೂತ್ರ ಹಿಡಿಯುವ ಪಾತ್ರೆಯ ಗೆರೆಗಳು ಸರಿಯಿಲ್ಲ. ಔಷಧಿ ಅಂಗಡಿಯಿಂದ ಗಾಜಿನ ಅಳತೆ ಜಾಡಿ ತಂದೆ.

"ಇಷ್ಟು ಶ್ರದ್ಧೆಯಿಂದ ನನ್ನ ಯಾವತ್ತಾದ್ರೂ ನೋಡಿದ್ರಾ?" ಅಂದಳು ಹೆಂಡತಿ.

ಕೊಡಲಾಗದವನು ಅಳೆಯುತ್ತಾನೆ. ಇದನ್ನು ಅವಳಿಗೆ ಹೇಳಲಿಲ್ಲ.

ಮಾರ್ಚ್ ೧೪, ಶುಕ್ರವಾರ

ವಾರ್ಡಿನ ತೂಕದ ಯಂತ್ರದ ಮೇಲೆ ನನಗೆ ಮೊದಲ ದಿನದಿಂದ ಅನುಮಾನ. ನಾನೇ ಹತ್ತಿ ನಿಂತರೆ ನನ್ನ ತೂಕಕ್ಕಿಂತ ಒಂದು ಕಿಲೋ ಚಿಲ್ಲರೆ ಜಾಸ್ತಿ ತೋರಿಸುತ್ತದೆ. ಇವತ್ತು ಕಚೇರಿಗೆ ಹೋಗಿ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ಚಕ್ರದ ಚೀಲದಲ್ಲಿಟ್ಟುಕೊಂಡು ಬಂದೆ. ಲಿಫ್ಟಿನವನು ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ.

ಹಿರಿಯ ನರ್ಸು ಬಂದಾಗ ಕಲ್ಲು ಯಂತ್ರದ ಮೇಲೆ ಕೂತಿತ್ತು.

"ಏನ್ ಸಾರ್ ಇದು? ಹೊಸ ಪೇಷಂಟಾ?"

"ಇಪ್ಪತ್ತು ಕಿಲೋ. ನಿಮ್ಮ ಮಿಷನ್ ಎಷ್ಟು ಅಂತಿದೆ ನೋಡಿ."

೨೦.೩೨. ಮುನ್ನೂರಿಪ್ಪತ್ತು ಗ್ರಾಂ ಹೆಚ್ಚು. ಅಂಗಡಿಯಾಗಿದ್ದರೆ ಅಲ್ಲೇ ಸೀಲು ಹಾಕುತ್ತಿದ್ದೆ.

"ಇರ್ಲಿ ಬಿಡಿ ಸಾರ್," ಅಂದರು ಅವರು. "ನಮಗೆ ನಿಜವಾದ ತೂಕ ಬೇಕಾಗಿಲ್ಲ. ನಿನ್ನೆಗಿಂತ ಇವತ್ತು ಏರಿದ್ಯಾ ಇಳಿದಿದ್ಯಾ, ಅಷ್ಟೇ. ಒಂದೇ ಮಿಷನ್ ಆದ್ರೆ ಸಾಕು, ಸುಳ್ಳು ಹೇಳಿದ್ರೂ ದಿನಾ ಒಂದೇ ಸುಳ್ಳು ಹೇಳುತ್ತೆ."

ಇಪ್ಪತ್ತೆರಡು ವರ್ಷದ ಅನುಭವ ಇರುವ ನರ್ಸು. ಆದರೂ ಇಂಥ ಉದಾಸೀನ. ತಪ್ಪು ತೂಕ ಎಲ್ಲಿದ್ದರೂ ತಪ್ಪು ತೂಕವೇ. ಆಸ್ಪತ್ರೆಯ ಯಂತ್ರ ವಿಭಾಗಕ್ಕೆ ಎರಡು ಪುಟದ ದೂರು ಬರೆದು ಕೊಟ್ಟೆ.

ಮಾರ್ಚ್ ೧೮, ಮಂಗಳವಾರ

ಒಂದೇ ದಿನದಲ್ಲಿ ಎರಡು ಒಳ್ಳೆಯ ಕೆಲಸ.

ಬೆಳಿಗ್ಗೆ ಆರಕ್ಕೆ ಎಂದಿನಂತೆ ತೂಕ: ೫೬.೪. ಡಾಕ್ಟರು ರಕ್ತಪರೀಕ್ಷೆ ನೋಡಿ ಮನೆಗೆ ಹೋಗಬಹುದು ಅಂದರು. ಕ್ರಿಯಾಟಿನಿನ್ ೧.೧. ಕಿಡ್ನಿ ಎಷ್ಟು ಶುದ್ಧವಾಗಿ ಸೋಸುತ್ತಿದೆ ಎಂದು ಹೇಳುವ ಅಂಕಿ ಅದು, ಕಡಿಮೆಯಾದಷ್ಟೂ ಒಳ್ಳೆಯದು. ಹತ್ತು ಗಂಟೆಗೆ ಯಂತ್ರ ವಿಭಾಗದವರು ಪೆಟ್ಟಿಗೆ ಹಿಡಿದು ಬಂದರು. ನಾನೇ ಪಕ್ಕದಲ್ಲಿ ನಿಂತು ಯಂತ್ರ ಬಿಚ್ಚಿಸಿ ಸರಿಮಾಡಿಸಿದೆ. ನನ್ನ ಕಲ್ಲಿಗೆ ಈಗ ಕರಾರುವಾಕ್ಕಾಗಿ ೨೦.೦೦. ಇಂದಿನ ತಾರೀಕು ಬರೆದ ಚೀಟಿಯನ್ನು ಅದರ ಬದಿಗೆ ಅಂಟಿಸಿದೆ. ನನಗೆ ಹಾಗೆ ಅಂಟಿಸುವ ಅಧಿಕಾರ ಇಲ್ಲಿಲ್ಲ, ಆದರೆ ಯಾರೂ ಬೇಡ ಅನ್ನಲಿಲ್ಲ.

ಒಂದು ಗಂಟೆಗೆ ಹೊರಟೆವು. ಕೈಗೆ ಕೊಟ್ಟ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ: ಬಿಡುಗಡೆಯ ತೂಕ ೫೬.೪. ಒಂದು ಕಿಲೋ ಏರಿದರೆ ಕೂಡಲೇ ಫೋನ್ ಮಾಡಿ. ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರೆ ಕಿಡ್ನಿ ಸೋಲುತ್ತಿದೆ ಎಂದು ಅರ್ಥ. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಟ್ಯಾಕ್ಸಿಯಲ್ಲಿ ಅವಳು ದಾರಿಯುದ್ದಕ್ಕೂ ಡ್ರೈವರನ ಕಾಲನ್ನೇ ನೋಡುತ್ತಿದ್ದಳು. ಇಳಿಯುವಾಗ, "ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಲ್ಲಪ್ಪಾ, ಪ್ಲೇಟ್ ಸವೆದುಹೋಗುತ್ತೆ," ಅಂದಳು. ಮಾಸ್ಕಿನೊಳಗಿನ ಮಾತು ಅವನಿಗೆ ಕೇಳಲಿಲ್ಲ. ಕೇಳಿದ್ದರೂ ಏನೂ ಆಗುತ್ತಿರಲಿಲ್ಲ.

ಮಾರ್ಚ್ ೧೯, ಬುಧವಾರ

ಮನೆಯ ತೂಕದ ಯಂತ್ರವನ್ನು ನಾನೇ ಪರೀಕ್ಷಿಸಿ ಇಟ್ಟಿದ್ದೇನೆ. ಹತ್ತು ಗ್ರಾಮಿಗೂ ಸುಳ್ಳು ಹೇಳುವುದಿಲ್ಲ. ಇಂದು ೫೫.೫. ಒಂದೇ ದಿನದಲ್ಲಿ ಒಂಬೈನೂರು ಗ್ರಾಂ ಇಳಿದಿದೆ! ಮೈಯಲ್ಲಿ ಉಳಿದಿದ್ದ ನೀರೆಲ್ಲ ಹೋಗಿದೆ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ನಂದು ಅಂದ್ರೆ ಏನಂದ್ಕೊಂಡೆ?" ಅಂದಳು.

ಮಾರ್ಚ್ ೨೩, ಭಾನುವಾರ

೫೫.೬. ಎಲ್ಲ ಸರಿ. ಮೂರನೇ ಮಹಡಿಯ ನಮ್ಮ ಎರಡು ಕೋಣೆಗಳು ಆಸ್ಪತ್ರೆಗಿಂತ ಶುಭ್ರವಾಗಿವೆ. ಬಾಗಿಲ ಹಿಡಿ, ಸ್ವಿಚ್ಚು, ನಲ್ಲಿ ಎಲ್ಲವನ್ನೂ ದಿನಕ್ಕೆ ಎರಡು ಬಾರಿ ಒರೆಸುತ್ತೇನೆ. ಯಾರೂ ಬರುವಂತಿಲ್ಲ. ಡಿಪೋದ ಸಹೋದ್ಯೋಗಿಗಳು ಕೆಳಗೆ ರಸ್ತೆಯಲ್ಲಿ ನಿಂತು ಕೈಬೀಸಿದರು. ಅವರಲ್ಲೊಬ್ಬ ಗಂಟಲು ಹರಿಯುವ ಹಾಗೆ, "ಅಕ್ಕಾ, ನಿಮ್ಮ ರೂಟಿಗೆ ಒಬ್ಬ ಹೊಸಬನ್ನ ಹಾಕಿದಾರೆ, ದಿನಾ ಲೇಟು!" ಎಂದು ಕೂಗಿದ. ಇವಳು ಕಿಟಕಿಯಿಂದ ಅವನಿಗೆ ಮುಷ್ಟಿ ತೋರಿಸಿದಳು. ಆಮೇಲೆ ಬಹಳ ಹೊತ್ತು ಕಿಟಕಿ ಬಿಟ್ಟು ಬರಲಿಲ್ಲ.

ಮಾರ್ಚ್ ೨೭, ಗುರುವಾರ

ಸೋಮವಾರ, ಗುರುವಾರ ರಕ್ತಪರೀಕ್ಷೆಗೆ ಹೋಗಬೇಕು. ಇಂದು ಕ್ರಿಯಾಟಿನಿನ್ ೧.೩. ಡಾಕ್ಟರು ಹುಬ್ಬು ಗಂಟಿಕ್ಕಿದರು. ಪುಸ್ತಕ ಕೊಟ್ಟೆ. ತೂಕದ ಗೆರೆಯ ಮೇಲೆ ಪೆನ್ನು ಓಡಿಸಿ, "ಏರ್ತಾ ಇದೆಯಲ್ಲ?" ಅಂದರು.

"ಮನೆಗೆ ಹೋದ ಮೇಲೆ ಒಂಬೈನೂರು ಗ್ರಾಂ ಇಳಿದಿತ್ತು ಡಾಕ್ಟ್ರೇ. ಈಗ ಹಸಿವು ಬಂದಿದೆ, ಚೆನ್ನಾಗಿ ತಿಂತಾಳೆ. ಇವತ್ತು ೫೬.೧. ಬಿಡುಗಡೆ ತೂಕಕ್ಕಿಂತ ಇನ್ನೂ ಮುನ್ನೂರು ಗ್ರಾಂ ಕಡಿಮೆ."

"ಹಾಗಾದ್ರೆ ಸರಿ. ಔಷಧಿ ಸ್ವಲ್ಪ ಜಾಸ್ತಿ ಆಗಿರ್ಬೇಕು. ಸೋಮವಾರ ನೋಡೋಣ."

ಆಮೇಲೆ ಪಕ್ಕದಲ್ಲಿದ್ದ ಕಿರಿಯ ಡಾಕ್ಟರುಗಳಿಗೆ ನನ್ನ ಪುಸ್ತಕ ತೋರಿಸಿ, "ಇದನ್ನ ನೋಡಿ. ರೋಗಿಯ ಮನೆಯವರು ಹೀಗಿರ್ಬೇಕು," ಅಂದರು. ಪುಸ್ತಕ ಕೈಯಿಂದ ಕೈಗೆ ಹೋಯಿತು. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದೆ. ಮುಖ ಬಿಗಿಹಿಡಿಯುವುದು ಕಷ್ಟವಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ನನ್ನ ಬರಹವನ್ನು ಯಾರೂ ಎತ್ತಿ ತೋರಿಸಿದ್ದಿಲ್ಲ.

ಹೆಂಡತಿ ಕೈಚೀಲ ಎತ್ತಿಕೊಂಡು ಮೊದಲೇ ಹೊರಗೆ ಹೋದಳು. ದಾರಿಯಲ್ಲಿ ಯಾಕೆಂದು ಕೇಳಿದೆ.

"ಏನಿಲ್ಲ. ಯಾಕೋ ಗಾಡಿ ಎಳೀತಿಲ್ಲ ಅನ್ಸುತ್ತೆ ರೀ."

"ಎಲ್ಲಾ ಸರಿ ಇದೆ ಅಂದ್ರಲ್ಲ."

"ಹ್ಞೂಂ, ಅಂದ್ರು."

ಮಾರ್ಚ್ ೨೯, ಶನಿವಾರ

೫೬.೪. ಸರಿಯಾಗಿ ಬಿಡುಗಡೆಯ ತೂಕ. ಮೂತ್ರ ಇನ್ನೂರು ಮಿಲಿಲೀಟರು ಕಡಿಮೆ, ಸೆಖೆಗೆ ಬೆವರಿರಬೇಕು.

ಬೆಳಿಗ್ಗೆ ಅವಳು ಮಂಚದ ಅಂಚಿನಲ್ಲಿ ಕೂತು ಕಾಲು ಮುಂದೆ ಚಾಚಿ ತೋರಿಸಿದಳು. ಕಾಲುಚೀಲದ ಅಂಚು ಪಾದದ ಮೇಲೆ ಗೆರೆ ಬಿಟ್ಟಿತ್ತು.

"ಇದು ಮೊನ್ನೆ ಇರ್ಲಿಲ್ಲ."

"ಎಲಾಸ್ಟಿಕ್ಕು ಬಿಗಿ ಇರುತ್ತೆ. ತೂಕ ನೋಡು, ಒಂದು ಗ್ರಾಮೂ ಹೆಚ್ಚಿಲ್ಲ."

"ರೀ, ಇನ್‌ಸ್ಪೆಕ್ಟ್ರೇ. ಲೋಡ್ ಬಿದ್ದ ಬಸ್ಸಿಗೂ ಖಾಲಿ ಬಸ್ಸಿಗೂ ವ್ಯತ್ಯಾಸ ನನಗೆ ಕಾಲಲ್ಲಿ ಗೊತ್ತಾಗುತ್ತೆ. ಮೀಟರ್ ನೋಡೋ ಅಗತ್ಯ ಇಲ್ಲ."

"ಮೀಟರ್ ಸರಿಯಾಗಿದೆ."

"ಸ್ಪೀಡೋಮೀಟರ್ ಸರಿ ಇದ್ರೆ ಬ್ರೇಕೂ ಸರಿ ಇದೆ ಅಂತಾನಾ?"

ಭಯ ಸಹಜ. ಅದಕ್ಕಾಗಿಯೇ ಅಂಕಿಗಳಿರುವುದು. ಸಮಾಧಾನವಾಗಿ ವಿವರಿಸಿದೆ. ಮಧ್ಯದಲ್ಲಿ ಅವಳು ಕಾಲುಚೀಲ ಎಳೆದುಕೊಂಡು ಎದ್ದು ಹೋದಳು.

ಮಾರ್ಚ್ ೩೦, ಭಾನುವಾರ

ಬಟ್ಟೆ ಒಣಹಾಕಿ ತಾರಸಿಯಿಂದ ಇಳಿದು ಬಂದಾಗ ಅವಳು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಮಾಸ್ಕು ಹಾಕಿಕೊಂಡು, ಕೈಚೀಲ ತೊಡೆಯ ಮೇಲೆ. ಷೂ ಹಾಕಿದ್ದಳು, ಲೇಸು ಕಟ್ಟಿರಲಿಲ್ಲ.

"ಆಸ್ಪತ್ರೆಗೆ ಫೋನ್ ಮಾಡ್ದೆ. ಬರೋಕೆ ಹೇಳಿದಾರೆ. ಕೆಳಗೆ ಟ್ಯಾಕ್ಸಿ ಬಂದಿದೆ."

"ತೂಕ ೫೬.೬ ಅಷ್ಟೇ. ಇನ್ನೂ ಎಂಟುನೂರು ಗ್ರಾಂ ಏರಿದ್ರೆ ತಾನೆ ಫೋನ್ ಮಾಡ್ಬೇಕಾದ್ದು? ಪುಸ್ತಕ ನೋಡು."

"ಪುಸ್ತಕಾನೂ ಕರ್ಕೊಂಡ್ ಬನ್ನಿ. ಮೂರೂ ಜನ ಹೋಗೋಣ."

ವಾರ್ಡಿನಲ್ಲಿ ಅದೇ ಹಿರಿಯ ನರ್ಸು. ಯಂತ್ರದ ಮೇಲೆ ನಿಲ್ಲಿಸಿದರು. ೫೬.೬. ನಮ್ಮ ಮನೆಯ ಅಂಕಿಯೇ. ಬಿಡುಗಡೆಯ ಹಾಳೆ ನೋಡಿದರು. ಯಂತ್ರದ ಬದಿಯಲ್ಲಿ ನಾನು ಅಂಟಿಸಿದ ಚೀಟಿ ನೋಡಿದರು.

"ಸಾರ್, ಡಿಸ್ಚಾರ್ಜ್ ತೂಕ ನಾನೇ ತಗೊಂಡಿದ್ದು. ಬೆಳಿಗ್ಗೆ ಆರಕ್ಕೆ. ಮಿಷನ್ ಸರಿ ಮಾಡ್ಸಿದ್ದು ಹತ್ತಕ್ಕೆ ಅಲ್ವಾ?"

ಸಂಜೆ ಫಲಿತಾಂಶ ಬಂತು. ಕ್ರಿಯಾಟಿನಿನ್ ೨.೦.

ಮಾರ್ಚ್ ೩೧, ಸೋಮವಾರ

ಇಪ್ಪತ್ತು ಕಿಲೋಗೆ ಮುನ್ನೂರಿಪ್ಪತ್ತು ಗ್ರಾಂ. ಐವತ್ತಾರು ಚಿಲ್ಲರೆಗೆ ಸುಮಾರು ಒಂಬೈನೂರು. ಕೂಡುವುದು ಕಳೆಯುವುದು ಬಲ್ಲ ಯಾರಿಗಾದರೂ ಒಂದು ನಿಮಿಷದ ಲೆಕ್ಕ.

ಬಿಟ್ಟ ದಿನ ಅವಳ ನಿಜವಾದ ತೂಕ ೫೫.೫. ಮರುದಿನ ಮನೆಯಲ್ಲಿ ಒಂದು ಗ್ರಾಮೂ ಇಳಿದಿರಲಿಲ್ಲ. ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದ ಒಂಬೈನೂರು ಗ್ರಾಂ ಆ ಯಂತ್ರದ್ದು. ಅಲ್ಲಿಂದ ಏರಿದ್ದೆಲ್ಲ ನೀರು.

ಸುಳ್ಳು ಹೇಳುವ ಯಂತ್ರವನ್ನು ಹಾಗೆಯೇ ಬಿಟ್ಟು, ರಕ್ತಪರೀಕ್ಷೆಗೆ ಹೋದಾಗಲೆಲ್ಲ ಅದರ ಮೇಲೆಯೇ ಅವಳನ್ನು ನಿಲ್ಲಿಸಿದ್ದರೂ ನಡೆಯುತ್ತಿತ್ತು. ಸರಿಮಾಡಿಸಿ, ಹಳೆಯ ಅಂಕಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡೆ.

ಕಿಡ್ನಿಗೆ ಸೂಜಿ ಹಾಕಿ ಒಂದು ಎಳೆಯಷ್ಟು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಮೈ ಕಿಡ್ನಿಯನ್ನು ತಿರಸ್ಕರಿಸಲು ಶುರುಮಾಡಿದೆ. ಸ್ಟೀರಾಯ್ಡ್ ಡ್ರಿಪ್ ಮೂರು ದಿನ. ಮೈ ಅದಕ್ಕೆ ಜಗ್ಗಿದರೆ ಕಿಡ್ನಿ ಉಳಿಯುತ್ತದೆ. ಇಲ್ಲದಿದ್ದರೆ

ಏಪ್ರಿಲ್ ೧, ಮಂಗಳವಾರ

ಡಾಕ್ಟರಿಗೆ ಹೇಳಿದೆ. ಕಾರಿಡಾರಿನಲ್ಲಿ, ನಿಂತುಕೊಂಡೇ. ಅವರು ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು.

"ಗುರುವಾರವೇ ಅಡ್ಮಿಟ್ ಮಾಡ್ತಿದ್ದೆ," ಅಂದರು. "ಮೂರು ದಿನ ಹೋಯ್ತು. ಸೋಮವಾರದವರೆಗೆ ಕಾದಿದ್ರೆ ನಾಲ್ಕು ಹೋಗ್ತಿತ್ತು, ಆಗ ನಾನು ನಿಮ್ಮ ಹತ್ರ ಹೀಗೆ ಮಾತಾಡ್ತಿರ್ಲಿಲ್ಲ. ಇನ್ನೂ ಆರಂಭದಲ್ಲಿದೆ. ನೀವು ಬೇಗ ಹಿಡಿದಿದ್ದೀರಿ."

"ಹಿಡಿದದ್ದು ನಾನಲ್ಲ. ನಾನು ಬೇಡ ಅಂದೆ. ಅವಳೇ ಫೋನ್ ಮಾಡಿದ್ದು."

"ಏನಂತ ಗೊತ್ತಾಯ್ತಂತೆ?"

"ಗಾಡಿ ಎಳೀತಿಲ್ಲ ಅಂತ."

ಅವರು ಅದನ್ನು ಕೇಸ್ ಹಾಳೆಯಲ್ಲಿ ಹಾಗೆಯೇ ಬರೆದುಕೊಂಡರು. ನಾನು ನೋಡಿದೆ.

ಆಮೇಲೆ ಅಮ್ಮನಿಗೆ ಫೋನ್. ಅತ್ತ ಹೊಲಿಗೆ ಮಿಷನ್ನಿನ ಸದ್ದು. ಇಷ್ಟು ಬೇಗ ಕೂತು ಹೊಲಿಯಬಾರದೆಂದು ಡಾಕ್ಟರು ಹೇಳಿದ್ದರು. ಇವತ್ತು ಆ ಮಾತು ಎತ್ತುವ ಹಕ್ಕು ನನಗಿರಲಿಲ್ಲ. ಎಲ್ಲವನ್ನೂ ಹೇಳಿದೆ. ಮಿಷನ್ನು ನಿಂತಿತು.

"ಅಮ್ಮಾ, ನೀನು ಕೊಟ್ಟಿದ್ದನ್ನ ನಾನು..."

"ಲೋ. ಕೊಟ್ಟಾಯ್ತಲ್ಲ. ಕೊಟ್ಟ ಮೇಲೆ ಅದು ಅವಳದ್ದು. ನನ್ ಹತ್ರ ಏನು ಮೂಗು ಸೀಟ್ತೀಯ? ಅವಳಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಫೋನ್ ಇಡು."

ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸ್ಟೀರಾಯ್ಡಿಗೆ ಮುಖ ಕೆಂಪಗಾಗಿತ್ತು. ಕಲ್ಲು, ಯಂತ್ರ, ಆರು ಗಂಟೆ, ಹತ್ತು ಗಂಟೆ ಎಲ್ಲ ಒಂದೊಂದಾಗಿ ಹೇಳಿದೆ. ಹೇಳುವುದಕ್ಕಿಂತ ವರದಿ ಒಪ್ಪಿಸಿದ ಹಾಗಿತ್ತು.

"ಗೊತ್ತು. ಸಿಸ್ಟರ್ ಭಾನುವಾರಾನೇ ಹೇಳಿದ್ರು."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವಾಗೇ ಹೇಳ್ತೀರಾ ಅಂತ ಕಾಯ್ತಿದ್ದೆ. ಎರಡು ದಿನ ಲೇಟು." ಈ ಕಡೆ ತಿರುಗಿದಳು. "ಎರಡು ನಿಮಿಷ ಲೇಟಾದ್ರೆ ನನಗೆ ಮೆಮೋ ಕೊಡ್ತಾರೆ."

"ಕೊಡು."

"ಕೊಟ್ಟಾಯ್ತು. ಆ ಪುಸ್ತಕ ಇಲ್ಲಿ ಕೊಡಿ."

ಕೊಟ್ಟೆ. ಬಣ್ಣದ ಪೆನ್ನುಗಳನ್ನೂ ಕೊಡಹೋದೆ. ಬೇಡ ಅಂದಳು.

ಏಪ್ರಿಲ್ ೨, ಬುಧವಾರ

೧.೮. ಇಳಿಯುವ ಕಡೆಗೆ.

ಏಪ್ರಿಲ್ ೪, ಶುಕ್ರವಾರ

೧.೪. ಬೆಳಿಗ್ಗೆ ಹತ್ತೂವರೆಗೆ ಅವಳು, ಡಾಕ್ಟರು ಬರುವ ಮೊದಲೇ, "ಎಳೀತಾ ಇದೆ," ಅಂದಳು. ಹನ್ನೆರಡಕ್ಕೆ ಅಂಕಿ ಬಂತು. ಹಿರಿಯ ನರ್ಸು, "ಇನ್ಮೇಲೆ ಲ್ಯಾಬಿಗೆ ಕಳ್ಸೋದೇ ಬೇಡ ಬಿಡಿ," ಅಂದರು.

ಅವರ ಬಳಿ ನಾನು ಹೋಗಿ ನಿಂತೆ. ಏನು ಹೇಳಬೇಕೆಂದು ತಯಾರು ಮಾಡಿಕೊಂಡಿದ್ದೆ. ಅವರು ಸೂಜಿಗಳ ಟ್ರೇ ನನ್ನ ಕೈಗಿಟ್ಟು, "ಸ್ವಲ್ಪ ಹಿಡ್ಕೊಳ್ಳಿ ಸಾರ್," ಎಂದು ಇನ್ನೊಂದು ಹಾಸಿಗೆಗೆ ಹೋದರು. ಹತ್ತು ನಿಮಿಷ ಹಿಡಿದುಕೊಂಡಿದ್ದೆ. ಅವರು ತಿರುಗಿ ಬಂದಾಗ ತಯಾರು ಮಾಡಿದ್ದು ಮರೆತುಹೋಗಿತ್ತು.

ಏಪ್ರಿಲ್ ೨೧, ಸೋಮವಾರ

ಮನೆಗೆ ಬಂದು ಎರಡು ವಾರ. ಫ್ರಿಜ್ಜಿನ ಬಾಗಿಲಿನ ಹಾಳೆಯ ಮೇಲೆ ಹೊಸ ತೂಕ, ಅವಳದೇ ಅಕ್ಷರದಲ್ಲಿ.

ಅವಳು ಪುಸ್ತಕ ಇಡುವ ರೀತಿ ನನಗೆ ಒಗ್ಗುವುದಿಲ್ಲ. ಅಂಕಣ ದಾಟಿ ಬರೆಯುತ್ತಾಳೆ. ತೂಕದ ಪಕ್ಕದಲ್ಲಿ "ಏರಿನಲ್ಲೂ ಮೂರನೇ ಗೇರು". ಇನ್ನೊಂದು ದಿನ "ಸ್ವಲ್ಪ ಜಗ್ಗಾಟ, ಮಧ್ಯಾಹ್ನದ ಮೇಲೆ ಸರಿ". ರಕ್ತದೊತ್ತಡದ ಜಾಗದಲ್ಲಿ ಒಮ್ಮೆ "ಅತ್ತೆ ಫೋನ್ ಮಾಡಿದ್ದರು, ಆದ್ದರಿಂದ ೧೪೦". ಡಾಕ್ಟರು ಅಂಕಿಗಳನ್ನು ಬಿಟ್ಟು ಮೊದಲು ಇವನ್ನೇ ಓದುತ್ತಾರೆ. ಇಂದು ನಕ್ಕು, ಒಂದು ಸಾಲಿಗೆ ಬೆರಳಿಟ್ಟು ಏನೋ ಕೇಳಿದರು. ಅವಳು ಸ್ಟಿಯರಿಂಗ್ ಹಿಡಿದ ಹಾಗೆ ಎರಡೂ ಕೈ ಎತ್ತಿ ವಿವರಿಸಿದಳು. ಅವರು ಗಂಭೀರವಾಗಿ ಕೇಳಿಕೊಂಡು ಮಾತ್ರೆಯನ್ನು ಅರ್ಧ ಮಿಲಿಗ್ರಾಂ ಕಡಿಮೆ ಮಾಡಿದರು.

ನಾನು ಗೋಡೆಗೊರಗಿ ನಿಂತಿದ್ದೆ. ಪಕ್ಕದಲ್ಲಿದ್ದವರೊಬ್ಬರು, "ನಿಮ್ಮವರಾ?" ಎಂದು ಕೇಳಿದರು. ಹೌದು ಅಂದೆ. ಬಸ್ ಡ್ರೈವರು ಅಂತಲೂ ಹೇಳಿದೆ, ಅವರು ಕೇಳದಿದ್ದರೂ.

ಮೇ ೧೬, ಶುಕ್ರವಾರ

ಕೆಲಸಕ್ಕೆ ಮರಳಿ ಐದು ದಿನ. ಇಂದು ಒಂದು ಮೊಳೆ ಅಂಗಡಿ. ಅಂಗಡಿಯಾಕೆ ನನ್ನ ಕಲ್ಲುಗಳನ್ನು ನೋಡಿ ಕೈಮುಗಿದು, "ಸಾರ್, ತೂಕ ಸ್ವಲ್ಪ ಕಡಿಮೆ ಬೀಳುತ್ತೆ, ನನಗೆ ಗೊತ್ತು. ಅದಕ್ಕೇ ಗಿರಾಕಿಗೆ ಒಂದು ಹಿಡಿ ಜಾಸ್ತಿ ಹಾಕಿ ಕೊಡ್ತೀನಿ," ಅಂದಳು. ಕಲ್ಲನ್ನು ಇಡುವ ಮೊದಲು, ಎಷ್ಟು ಕಡಿಮೆ, ಹೇಗೆ ಗೊತ್ತಾಯಿತು ಎಂದು ಕೇಳಿದೆ. ಎರಡು ಕಿಲೋದ ಪೊಟ್ಟಣ ಕೈಗೆತ್ತಿಕೊಂಡು ಹೇಳಿದಳು. ಆಮೇಲೆ ಪರೀಕ್ಷಿಸಿದೆ. ಹತ್ತಿರ ಹತ್ತಿರ ಅಷ್ಟೇ. ಮೂವತ್ತು ಗ್ರಾಂ ಕಡಿಮೆ. ಸೀಲು ಹಾಕಲೇಬೇಕಿತ್ತು, ಹಾಕಿದೆ. ನನ್ನ ಜತೆಯಲ್ಲಿದ್ದ ಗುಮಾಸ್ತರು ಜೀಪಿನಲ್ಲಿ, "ಸಾರ್, ನೀವು ಅಂಗಡಿಯವರ ಹತ್ರ ಮಾತಾಡಿದ್ದು ನಾನು ನೋಡೇ ಇರ್ಲಿಲ್ಲ," ಅಂದರು. ಏನು ಹೇಳುತ್ತಿದ್ದಾರೋ ತಿಳಿಯಲಿಲ್ಲ. ನಾನು ಯಾವಾಗಲೂ ಮಾತಾಡುತ್ತೇನೆ.

ಜುಲೈ ೮, ಮಂಗಳವಾರ

ಅವಳು ಇಂದು ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದಳು. ೧.೧ ಅಂತೆ. ನಾನು ಕೇಳಲಿಲ್ಲ, ಅವಳೇ ಹೇಳಿದಳು. ಕಿಟಕಿ ತೆರೆದಿತ್ತು, ಇಬ್ಬರೂ ಚಹಾ ಕುಡಿದೆವು.

ಸೆಪ್ಟೆಂಬರ್ ೨೬, ಶುಕ್ರವಾರ

ಡಿಪೋದ ಡಾಕ್ಟರು ಅವಳನ್ನು ಎರಡು ದಿನ ಪರೀಕ್ಷಿಸಿದರು. ಕಣ್ಣು, ಕಿವಿ, ಹೃದಯ, ಕಾಲಿನ ಬಲ. ಕಿಡ್ನಿ ಡಾಕ್ಟರು ಕೊಟ್ಟ ಎರಡು ಪುಟದ ಪತ್ರವನ್ನು ಓದಿದರು. ಆಮೇಲೆ ಖಾಲಿ ಬಸ್ಸು ಕೊಟ್ಟು ಅಂಗಳದಲ್ಲಿ ಎಂಟರ ಆಕಾರದಲ್ಲಿ ಓಡಿಸಲು ಹೇಳಿದರು. ಬಾಗಿಲ ಬಳಿ ನಿಂತಿದ್ದ ಡಿಪೋ ಮ್ಯಾನೇಜರು ಕೊನೆಗೆ, "ಒಂದೂವರೆ ವರ್ಷ ಮೇಲಾಯ್ತಲ್ಲಮ್ಮಾ, ಕೈ ತಪ್ಪಿಲ್ವಾ?" ಎಂದು ಕೇಳಿದರು.

"ಕೈ ತಪ್ಪಲ್ಲ ಸಾರ್. ಗಾಡಿಯ ಎಡಗಡೆ ಸ್ಪ್ರಿಂಗ್ ಕೂತಿದೆ. ಅದನ್ನ ಬದಲಾಯಿಸಿ."

ಯೋಗ್ಯಳು ಎಂದು ಬರೆದುಕೊಟ್ಟರು. ಸೋಮವಾರ ಕಳೆದು ಮುಂದಿನ ಸೋಮವಾರದಿಂದ, ಹಗಲು ಪಾಳಿ ಮಾತ್ರ.

ಅಕ್ಟೋಬರ್ ೬, ಸೋಮವಾರ

ಅವಳು ಐದಕ್ಕೇ ಹೊರಟುಹೋಗಿದ್ದಳು. ಸಮವಸ್ತ್ರವನ್ನು ಅಮ್ಮ ಸೊಂಟದಲ್ಲಿ ಎರಡು ಬೆರಳು ಬಿಟ್ಟು ಮತ್ತೆ ಹೊಲಿದುಕೊಟ್ಟಿದ್ದಾಳೆ, ಹೊಟ್ಟೆಯಲ್ಲಿ ಕಿಡ್ನಿ ಕೂರಿಸಿದ ಜಾಗಕ್ಕೆ ಪಟ್ಟಿ ಒತ್ತದ ಹಾಗೆ.

ಒಂಬತ್ತೂ ಹತ್ತಕ್ಕೆ ಅವಳ ಬಸ್ಸು ನಮ್ಮ ಬೀದಿ ದಾಟುತ್ತದೆ. ಅಮ್ಮ ತಂಗಿಯ ಮನೆಯಿಂದ ಬಂದಿದ್ದಳು. ನಾನು ಅರ್ಧ ದಿನ ರಜೆ ಹಾಕಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತೆಂದು ನಿಲ್ದಾಣಕ್ಕೆ ಇಪ್ಪತ್ತು ಹೆಜ್ಜೆ ಈಚೆ, ಪುಸ್ತಕದ ಅಂಗಡಿಯ ನೆರಳಲ್ಲಿ ನಿಂತೆವು.

"ಇಲ್ಲೇ ನಿಲ್ಲಿಸ್ತಾಳೆ ಬಿಡು," ಅಂದಳು ಅಮ್ಮ. "ಅತ್ತೆ ನಿಂತಿದಾಳೆ ಅಂದ್ರೆ ನಿಲ್ಲಿಸಲ್ವಾ?"

ಒಂಬತ್ತೂ ಹತ್ತಕ್ಕೆ ಸರಿಯಾಗಿ ಬಸ್ಸು ತಿರುವಿನಲ್ಲಿ ಕಾಣಿಸಿತು. ಎತ್ತರದ ಗಾಜಿನ ಹಿಂದೆ ಮಾಸ್ಕು ಹಾಕಿದ ಮುಖ. ಅಮ್ಮ ಕೈ ಎತ್ತಿದಳು. ನಾನೂ ಎತ್ತಿದೆನಂತೆ, ನನಗೆ ನೆನಪಿಲ್ಲ. ಅವಳು ನಮ್ಮನ್ನು ನೋಡಿದಳು. ಖಂಡಿತ ನೋಡಿದಳು. ಬಸ್ಸು ಅದೇ ವೇಗದಲ್ಲಿ ನಮ್ಮ ಮುಂದೆ ಹಾದು, ನಿಲ್ದಾಣದ ಫಲಕದ ನೇರಕ್ಕೆ, ಒಂದು ಗೇಣೂ ಆಚೀಚೆಯಾಗದೆ, ಯಾವ ಕುಲುಕಾಟವೂ ಇಲ್ಲದೆ ನಿಂತಿತು. ಜನ ಹತ್ತಿದರು. ಅಮ್ಮ ಪಕ್ಕೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಓಡಿದಳು. ಬಾಗಿಲು ಮುಚ್ಚಿತು. ಬಸ್ಸು ಹೊರಟಿತು.

"ನೋಡಿದ್ಯಾ!" ಅಮ್ಮ ನಡುಬೀದಿಯಲ್ಲಿ ನಿಂತು ಏದುಸಿರು ಬಿಡುತ್ತ ಕೂಗಿದಳು. "ನೋಡಿದ್ಯೇನೋ! ಅತ್ತೆಗೂ ನಿಲ್ಲಿಸ್ಲಿಲ್ಲ!"

ನಿಲ್ದಾಣದ ಬೆಂಚಿನಲ್ಲಿ ಇನ್ನೊಂದು ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು ತಲೆ ಎತ್ತಿದರು. ಅಮ್ಮ ಹೋಗಿ ಅವರ ಪಕ್ಕದಲ್ಲಿ ಕೂತಳು. "ಆ ಡ್ರೈವರು ನನ್ ಸೊಸೆ," ಅಂದಳು. ಕಿಡ್ನಿಯ ವಿಷಯ ಹೇಳಲಿಲ್ಲ. ಸಮಯಕ್ಕೆ ಸರಿಯಾಗಿ ಬಂದದ್ದು, ಫಲಕದ ನೇರಕ್ಕೆ ನಿಲ್ಲಿಸಿದ್ದು, ಯಾರ ಮುಲಾಜಿಗೂ ಬಗ್ಗದಿರುವುದು, ಇಷ್ಟನ್ನು ಹೇಳಿದಳು. ಅವರು ಎದ್ದುಹೋದ ಮೇಲೆ ಬಂದ ಹೆಂಗಸಿಗೆ ಮೊದಲಿನಿಂದ ಮತ್ತೆ ಹೇಳಿದಳು. ಅಮ್ಮ ಬಿಟ್ಟ ಕಡೆ ನಾನು ತುಂಬಿದೆ.

ಹನ್ನೆರಡು ನಿಮಿಷಕ್ಕೆ ಅದೇ ರೂಟಿನ ಇನ್ನೊಂದು ಬಸ್ಸು ಬಂತು. ಹತ್ತಲಿಲ್ಲ. ಅವಳದು ಒಂದು ಸುತ್ತು ಮುಗಿಸಿ ಬರಲು ಎಂಬತ್ತು ನಿಮಿಷ. ಫಲಕದ ಕೆಳಗೆ, ಬಿಸಿಲಲ್ಲೇ, ಕಾದೆವು.